ಕಣ್ಣು ಮುಚ್ಚಿ ಕಲಿತ ವಿಮಾನಯಾನ

ನಿಮ್ಮ ಆಫೀಸಿನಲ್ಲೂ ಇಂಥವರು ಇದ್ದೇ ಇರುತ್ತಾರೆ. ಪುಣೆಯಲ್ಲಿ ಮೀಟಿಂಗ್ ಅಂದರೆ ಹಿಂದಿನ ದಿನವೇ ಸ್ಲೀಪರ್ ಬಸ್ ಹತ್ತಿಬಿಡುವವರು. ಕೇಳಿದರೆ ‘ಬಸ್ಸಲ್ಲಿ ಒಳ್ಳೆ ನಿದ್ದೆ ಬರುತ್ತೆ’ ಎನ್ನುತ್ತಾರೆ. ಎಂಟನೇ ಮಹಡಿಗೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ‘ಫಿಟ್‌ನೆಸ್ಸು’ ಎಂದು ನಗುವವರು ಇನ್ನೊಬ್ಬರು. ಮತ್ತೊಬ್ಬರಿಗೆ ಹಲ್ಲು ಹುಳುಕಾಗಿ ಎರಡು ವರ್ಷ ಆಗಿರುತ್ತದೆ, ಬಾಯಿಯ ಒಂದೇ ಬದಿಯಲ್ಲಿ ಅಗಿಯುತ್ತಾ ದಿನ ತಳ್ಳುತ್ತಿರುತ್ತಾರೆ. ಯಾರೂ ‘ನನಗೆ ಭಯ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಮೂವತ್ತರ ಆಸುಪಾಸಿನಲ್ಲಿ, ಕೈತುಂಬ ಸಂಬಳ ಎಣಿಸುತ್ತಾ, ಲಿಫ್ಟಿಗೆ ಹೆದರುತ್ತೇನೆ ಎಂದರೆ ಜನ ಏನಂದಾರು?

ನಾನು ಆ ಬಸ್ಸಿನ ಪಾರ್ಟಿ.

ನನ್ನ ಊರು ಬಂಟ್ವಾಳದ ಕಡೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿದಾಗ ನಾನು ಒಂಬತ್ತನೇ ಕ್ಲಾಸ್ ಮುಗಿಸಿ ರಜೆಯಲ್ಲಿದ್ದೆ. 166 ಜನರಲ್ಲಿ ಉಳಿದದ್ದು ಎಂಟೇ ಮಂದಿ. ನಮ್ಮ ಕಡೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ಇಡೀ ದಿನ ಟೀವಿ ಮುಂದೆ ಕೂತು ಹೆಸರುಗಳ ಪಟ್ಟಿ ಓದಿದ್ದು ನೆನಪಿದೆ. ಆಮೇಲೆ ಎಲ್ಲರೂ ವಿಮಾನ ಹತ್ತಿದರು, ಇಳಿದರು. ನನಗೆ ಮಾತ್ರ ಆಗಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಎರಡು ಸಲ ಆನ್‌ಸೈಟ್ ಅವಕಾಶ ಬಂತು. ಎರಡು ಸಲವೂ ‘ಮನೆಯಲ್ಲಿ ಸ್ವಲ್ಪ ಪ್ರಾಬ್ಲಂ’ ಎಂದೆ. 2025ರ ಜೂನ್ 12ರಂದು ಅಹಮದಾಬಾದಿನ ದುರಂತ ನಡೆದ ಮೇಲಂತೂ ಎರಡು ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಇದನ್ನು ಹಾಗೇ ಮುಂದುವರಿಸಬಹುದಿತ್ತೇನೋ. ಆದರೆ ದುಬೈಯಲ್ಲಿರುವ ಅಕ್ಕ ಗರ್ಭಿಣಿಯಾದಳು. ಬಾಣಂತನಕ್ಕೆ ಅಮ್ಮ ಹೋಗಬೇಕು. ಅಮ್ಮ ಜೀವನದಲ್ಲಿ ವಿಮಾನ ಹತ್ತಿದವರಲ್ಲ, ಕನ್ನಡ-ತುಳು ಬಿಟ್ಟರೆ ಬೇರೆ ಭಾಷೆ ಬಾರದು. ‘ನೀನು ಜೊತೆಗೆ ಬರ್ತಿಯಲ್ಲಾ ಮಗಾ, ನನಗೆಂತ ಹೆದರಿಕೆ?’ ಎಂದರು ಫೋನಿನಲ್ಲಿ. ಕೈಯಲ್ಲಿ ಇದ್ದದ್ದು ಐದು ತಿಂಗಳು.

ವಿಮಾನ ಎಷ್ಟು ಸುರಕ್ಷಿತ ಎಂಬ ಲೆಕ್ಕಾಚಾರಗಳೆಲ್ಲ ನನಗೆ ಬಾಯಿಪಾಠ. ರಸ್ತೆಯಲ್ಲಿ ಸಾಯುವವರು ಎಷ್ಟೋ ಪಾಲು ಹೆಚ್ಚು ಅಂತಲೂ ಗೊತ್ತು. ಫೋಬಿಯಾದ ಗುಣವೇ ಅದು, ತಲೆಗೆ ಗೊತ್ತಿರುವುದು ಹೊಟ್ಟೆಗೆ ಗೊತ್ತಿರುವುದಿಲ್ಲ. ಅದಕ್ಕೇ ‘ಧೈರ್ಯ ಮಾಡು, ಏನೂ ಆಗಲ್ಲ’ ಎನ್ನುವ ಉಪದೇಶದಿಂದ ಕವಡೆ ಕಾಸಿನ ಉಪಯೋಗ ಇಲ್ಲ. ತರ್ಕದ ಬಾಗಿಲಿಂದ ಹೋಗಲು ಆಗದಿದ್ದರೆ ಬೇರೆ ಬಾಗಿಲು ಇದೆಯಾ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ ಪದ ಹಿಪ್ನೋಥೆರಪಿ.

‘ಹಿಂದಿನ ಜನ್ಮ ನೋಡೋಣ್ವಾ?’

ಮೊದಲು ಮಾತಾಡಿದ್ದು ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತು ಕೊಡುತ್ತಿದ್ದ ಒಬ್ಬರ ಹತ್ತಿರ. ನನ್ನ ಸಮಸ್ಯೆಯನ್ನು ಎರಡು ನಿಮಿಷ ಕೂಡ ಕೇಳಲಿಲ್ಲ. ‘ನೀವು ಹಿಂದಿನ ಜನ್ಮದಲ್ಲಿ ಎತ್ತರದಿಂದ ಬಿದ್ದಿರುತ್ತೀರಿ ಮೇಡಂ, ಮೂರು ಸೆಷನ್ ಪ್ಯಾಕೇಜ್, ಗ್ಯಾರಂಟಿ’ ಎಂದರು. ಫೋನಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಪಾಸ್ಟ್ ಲೈಫ್ ರಿಗ್ರೆಶನ್’ ನಮ್ಮಲ್ಲಿ ಚೆನ್ನಾಗಿ ಓಡುವ ವ್ಯಾಪಾರ. 2009ರಲ್ಲಿ ಇದನ್ನೇ ಇಟ್ಟುಕೊಂಡು ಹಿಂದಿಯಲ್ಲಿ ಒಂದು ಟೀವಿ ಶೋ ಕೂಡ ಬಂದಿತ್ತು. ಸಮ್ಮೋಹನದ ಸ್ಥಿತಿಯಲ್ಲಿ ಮನಸ್ಸು ಸಲಹೆಗಳನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ, ಕಲ್ಪನೆ ಚುರುಕಾಗುತ್ತದೆ. ಆಗ ‘ನೀವು ಏನು ನೋಡುತ್ತಿದ್ದೀರಿ?’ ಎಂದು ಕೇಳಿದರೆ ಮನಸ್ಸು ಏನನ್ನಾದರೂ ತೋರಿಸಿಯೇ ತೀರುತ್ತದೆ. ಅದು ನೆನಪಲ್ಲ, ಆಗಷ್ಟೇ ತಯಾರಾದ ಸಿನಿಮಾ. ಆದರೆ ಎಚ್ಚರವಾದ ಮೇಲೆ ನಿಜವಾದ ನೆನಪಿನಷ್ಟೇ ಗಟ್ಟಿ ಅನಿಸುತ್ತದೆ. ಎಲಿಜಬೆತ್ ಲಾಫ್ಟಸ್ ಅವರಂಥ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಅಧ್ಯಯನ ಮಾಡಿ ತೋರಿಸಿದ್ದು ಇದನ್ನೇ, ಇಲ್ಲದ ನೆನಪನ್ನು ಮನಸ್ಸಿನಲ್ಲಿ ನೆಡುವುದು ಅಷ್ಟೇನೂ ಕಷ್ಟವಲ್ಲ. ಸಮ್ಮೋಹನದಲ್ಲಿ ‘ನೆನಪಾದ’ ಸಾಕ್ಷ್ಯವನ್ನು ಅಮೆರಿಕದ ಅನೇಕ ನ್ಯಾಯಾಲಯಗಳು ಒಪ್ಪದಿರುವುದಕ್ಕೂ ಕಾರಣ ಇದೇ. ಇರುವ ಭಯವೇ ಸಾಕಾಗಿರುವಾಗ ಹಿಂದಿನ ಜನ್ಮದ್ದು ಬೇರೆ ಯಾಕೆ ತಲೆಗೆ ಕಟ್ಟಿಕೊಳ್ಳಬೇಕು?

ಕೊನೆಗೆ ಗೆಳತಿಯೊಬ್ಬಳು ಹೇಳಿದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಹತ್ತಿರ ಹೋದೆ. ಇವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿದರೆ ಬೇಜಾರಿಲ್ಲದೆ ಕೊಡುತ್ತಾರೆ, ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ಹುಡುಕಿ ನೋಡಬಹುದು. ವಾರಾಂತ್ಯದ ಕೋರ್ಸ್ ಮಾಡಿ ‘ಸರ್ಟಿಫೈಡ್ ಹಿಪ್ನೋಥೆರಪಿಸ್ಟ್’ ಎಂದು ಬೋರ್ಡ್ ಹಾಕಿಕೊಳ್ಳುವುದು ಬೇರೆ, ಇದು ಬೇರೆ.

ಗಡಿಯಾರ ತೂಗಲಿಲ್ಲ

ಮೊದಲ ಸೆಷನ್‌ನಲ್ಲಿ ಸಮ್ಮೋಹನವೇ ಇಲ್ಲ. ಬರೀ ಪ್ರಶ್ನೆಗಳು. ಭಯ ಯಾವಾಗ ಶುರುವಾಯಿತು, ಫಿಟ್ಸ್ ಇದೆಯಾ, ಯಾವ ಮಾತ್ರೆ ತಗೊಳ್ತೀರಿ, ಯಾರೂ ಇಲ್ಲದಾಗ ಧ್ವನಿಗಳು ಕೇಳಿಸುತ್ತವಾ. ಸೈಕೋಸಿಸ್‌ನಂಥ ಕಾಯಿಲೆ ಇದ್ದವರಿಗೆ ಹಿಪ್ನೋಸಿಸ್ ಒಳ್ಳೆಯದಲ್ಲ, ಅದಕ್ಕೇ ಈ ವಿಚಾರಣೆ. ಆಮೇಲೆ ಭಯಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡಲು ಹೇಳಿದರು. ಟಿಕೆಟ್ ಬುಕ್ ಮಾಡುವುದು 30, ಏರ್‌ಪೋರ್ಟ್ ಟ್ಯಾಕ್ಸಿ 45, ಸೆಕ್ಯುರಿಟಿ ಚೆಕ್ 50, ವಿಮಾನದ ಬಾಗಿಲು ಮುಚ್ಚುವುದು 85, ಟೇಕಾಫ್ 90, ಮಂಗಳೂರಿನಲ್ಲಿ ಲ್ಯಾಂಡಿಂಗ್ 100. ‘ಹಾಗಾದರೆ ನಿಮ್ಮದು ಒಂದು ಭಯ ಅಲ್ಲ, ಎರಡು’ ಎಂದರು ಮೇಡಂ. ಬಿದ್ದು ಸಾಯುವ ಭಯ ಒಂದು, ಬಾಗಿಲು ಮುಚ್ಚಿದ ಮೇಲೆ ಹೊರಗೆ ಹೋಗಲಾರೆ ಎಂಬ ಭಯ ಇನ್ನೊಂದು. ಹದಿನೈದು ವರ್ಷದಲ್ಲಿ ಇದು ನನಗೇ ಹೊಳೆದಿರಲಿಲ್ಲ.

ಎರಡನೇ ಸೆಷನ್. ಒರಗು ಕುರ್ಚಿ, ಸಣ್ಣ ದೀಪ. ಗೋಡೆಯ ಮೇಲಿನ ಒಂದು ಚುಕ್ಕೆಯನ್ನೇ ನೋಡಿ ಎಂದರು. ಉಸಿರು ನಿಧಾನ ಮಾಡಿ. ಕಣ್ಣು ಭಾರವಾದಾಗ ಮುಚ್ಚಿಕೊಳ್ಳಿ. ಹತ್ತರಿಂದ ಕೆಳಗೆ ಎಣಿಸುತ್ತಾ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದೀರಿ ಎಂದುಕೊಳ್ಳಿ. ಕೊನೆಯ ಮೆಟ್ಟಿಲಿನಲ್ಲಿ ನಿಮಗೆ ನೆಮ್ಮದಿಯ ಜಾಗ. ನನಗೆ ಬಂದದ್ದು ಅಜ್ಜನ ಮನೆಯ ಅಡಿಕೆ ತೋಟ, ತೋಡಿನ ನೀರಲ್ಲಿ ಕಾಲು ಇಳಿಬಿಟ್ಟು ಕೂತದ್ದು.

ಪ್ರಜ್ಞೆ ತಪ್ಪುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಹೊರಗೆ ಯಾರದೋ ಮನೆಯ ಮಿಕ್ಸಿ ತಿರುಗುವುದು ಸರಿಯಾಗಿ ಕೇಳಿಸುತ್ತಿತ್ತು. ಆದರೆ ಮಿಕ್ಸಿಯ ಕಡೆ ಗಮನ ಕೊಡಬೇಕು ಅನಿಸಲಿಲ್ಲ, ಅಷ್ಟೇ ವ್ಯತ್ಯಾಸ. ಒಳ್ಳೆ ಕಾದಂಬರಿ ಓದುವಾಗ ಅಮ್ಮ ಊಟಕ್ಕೆ ಕರೆದದ್ದು ಕೇಳಿಯೂ ಕೇಳಿಸದಂತೆ ಇರುತ್ತದಲ್ಲ, ಹಾಗೆ. ಬೇಡ ಅನಿಸಿದ್ದರೆ ಎದ್ದು ಹೋಗಬಹುದಿತ್ತು. ಸಿನಿಮಾದಲ್ಲಿ ತೋರಿಸುವ ವಶೀಕರಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಆ ಸ್ಥಿತಿಯಲ್ಲಿ ಕೆಲಸ ಶುರು. ಟ್ಯಾಕ್ಸಿ ಹತ್ತಿದ್ದೀರಿ. ಹೆಬ್ಬಾಳ ಫ್ಲೈಓವರ್ ದಾಟಿದ್ದೀರಿ. ಭಯ ಏರಿದರೆ ಎಡಗೈ ತೋರುಬೆರಳು ಎತ್ತಿ. ಬೆರಳು ಎತ್ತಿದೊಡನೆ ಮೇಡಂ ನನ್ನನ್ನು ತೋಟಕ್ಕೆ ವಾಪಸ್ ಕರೆತರುತ್ತಿದ್ದರು. ಎದೆಬಡಿತ ಇಳಿದ ಮೇಲೆ ಮತ್ತೆ ಅಲ್ಲಿಗೇ. ಮೊದಲ ದಿನ ಸೆಕ್ಯುರಿಟಿ ಟ್ರೇಯಲ್ಲಿ ಲ್ಯಾಪ್‌ಟಾಪ್ ಇಡುವವರೆಗೂ ಹೋಗಲಾಗಲಿಲ್ಲ. ನಾಲ್ಕನೇ ಸೆಷನ್ನಿಗೆ ಬಾಗಿಲು ಮುಚ್ಚಿತು. ಐದನೆಯದರಲ್ಲಿ ಟೇಕಾಫ್. ನಡುವೆ ಹೆಬ್ಬೆರಳು-ತೋರುಬೆರಳು ಒತ್ತಿ ಹಿಡಿದರೆ ತೋಟದ ನೆಮ್ಮದಿ ನೆನಪಾಗುವಂತೆ ಅಭ್ಯಾಸ ಮಾಡಿಸಿದರು. ಆಡಿಯೊ ರೆಕಾರ್ಡ್ ಮಾಡಿ ಕೊಟ್ಟರು, ದಿನಾ ರಾತ್ರಿ ಹದಿನೈದು ನಿಮಿಷ ಕೇಳಲೇಬೇಕು.

ಇದರಲ್ಲಿ ಹಿಪ್ನೋಸಿಸ್ ಎಷ್ಟು, ಬೇರೆಯದು ಎಷ್ಟು? ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಈ ವಿಧಾನವನ್ನು 1950ರ ದಶಕದಲ್ಲೇ ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ ರೂಪಿಸಿದ್ದರು. ಫೋಬಿಯಾಗೆ ಅತ್ಯಂತ ಗಟ್ಟಿ ಪುರಾವೆ ಇರುವುದು ಇಂದಿಗೂ ಎದುರಿಸುವ ಚಿಕಿತ್ಸೆಗೇ, ಅಂದರೆ ಎಕ್ಸ್‌ಪೋಶರ್‌ಗೇ. ಹಿಪ್ನೋಸಿಸ್ ಅದನ್ನು ಸಹಿಸಿಕೊಳ್ಳುವಂತೆ ಮಾಡುವ ಸಹಾಯಕ. ಆತಂಕಕ್ಕೆ ಹಿಪ್ನೋಸಿಸ್ ಬಗ್ಗೆ ನಡೆದ 15 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2019ರ ವಿಶ್ಲೇಷಣೆ ಹೇಳಿದ್ದೂ ಇದನ್ನೇ: ಪರಿಣಾಮ ಚೆನ್ನಾಗಿದೆ, ಆದರೆ ಬೇರೆ ಮನೋಚಿಕಿತ್ಸೆಯ ಜೊತೆ ಸೇರಿಸಿದಾಗ ಇನ್ನೂ ಚೆನ್ನಾಗಿದೆ. ಇನ್ನೊಂದು ವಿಷಯ, ಎಲ್ಲರೂ ಒಂದೇ ಆಳಕ್ಕೆ ಹೋಗುವುದಿಲ್ಲ. ಇದನ್ನು ಅಳೆಯಲು ಸ್ಟ್ಯಾನ್‌ಫರ್ಡ್‌ನಲ್ಲಿ 1959ರಲ್ಲೇ ಮಾಪಕ ಬಂತು. ಕೆಲವರು ಸುಲಭವಾಗಿ ಮುಳುಗುತ್ತಾರೆ, ಕೆಲವರಿಗೆ ಏನು ಮಾಡಿದರೂ ಆಗುವುದಿಲ್ಲ, ನಮ್ಮಂಥ ಹೆಚ್ಚಿನವರು ನಡುವೆ. ಆಗದಿದ್ದರೆ ಅದು ನಿಮ್ಮ ಮನೋಬಲದ ಕೊರತೆಯೂ ಅಲ್ಲ, ಥೆರಪಿಸ್ಟಿನ ಸೋಲೂ ಅಲ್ಲ.

ರಕ್ತ, ಸೂಜಿ ಕಂಡರೆ ತಲೆತಿರುಗಿ ಬೀಳುವವರು ಮಾತ್ರ ಇದನ್ನು ಗಮನಿಸಿ. ಬೇರೆ ಫೋಬಿಯಾಗಳಲ್ಲಿ ಬಿಪಿ ಏರುತ್ತದೆ, ಇದರಲ್ಲಿ ಒಮ್ಮೆಲೇ ಇಳಿಯುತ್ತದೆ. ಅಂಥವರಿಗೆ ‘ರಿಲ್ಯಾಕ್ಸ್ ಆಗಿ’ ಎನ್ನುವುದೇ ತಪ್ಪು ಔಷಧ. ಕೈಕಾಲು, ಹೊಟ್ಟೆಯ ಸ್ನಾಯುಗಳನ್ನು ಕೆಲ ಸೆಕೆಂಡ್ ಬಿಗಿಹಿಡಿದು ಬಿಡುವ ವಿಧಾನ ಇದೆ, ಅದನ್ನು ಕಲಿಸಿ ಎಂದು ಕೇಳಿ.

ಪಣಜಿಯ ಪಾದ್ರಿ

ಗೋವಾಕ್ಕೆ ಹೋದಾಗ ಪಣಜಿಯ ಹಳೇ ಸೆಕ್ರೆಟರಿಯೇಟ್ ಪಕ್ಕದ ಪ್ರತಿಮೆ ನೋಡಿದ್ದೀರಾ? ಬೀಳುತ್ತಿರುವ ಹೆಂಗಸೊಬ್ಬಳ ಮೇಲೆ ಎರಡೂ ಕೈ ಚಾಚಿ ನಿಂತ ಪಾದ್ರಿ. ನಾವು ಮಾಟ-ಮಂತ್ರದವನೇನೋ ಎಂದುಕೊಂಡು ಸೆಲ್ಫಿ ತೆಗೆದು ಬಂದಿದ್ದೆವು. ಅವರು ಅಬೆ ಫರಿಯಾ. ಹುಟ್ಟಿದ್ದು 1756ರಲ್ಲಿ, ಈಗ ಬೀಚ್ ರೆಸಾರ್ಟುಗಳಿಂದ ತುಂಬಿದ ಕಾಂದೋಳಿಯಲ್ಲಿ. ಆ ಕಾಲಕ್ಕೆ ಯುರೋಪಿನಲ್ಲಿ ಮೆಸ್ಮರ್ ಎಂಬ ವೈದ್ಯ ತನ್ನ ದೇಹದಿಂದ ಕಾಂತಶಕ್ತಿ ಹರಿದು ರೋಗ ವಾಸಿಯಾಗುತ್ತದೆ ಎನ್ನುತ್ತಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ, ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಇದ್ದ ಸಮಿತಿ ಅದನ್ನು ಪರೀಕ್ಷಿಸಿ, ಕಾಂತಶಕ್ತಿ ಇಲ್ಲ, ಎಲ್ಲ ಕಲ್ಪನೆಯ ಪ್ರಭಾವ ಎಂದು ತಳ್ಳಿಹಾಕಿತು. ಫರಿಯಾ 1813ರಿಂದ ಪ್ಯಾರಿಸ್ಸಿನಲ್ಲಿ ಹೇಳತೊಡಗಿದ ಮಾತಿನ ಸಾರ ಇಷ್ಟು: ಶಕ್ತಿ ಸಮ್ಮೋಹನ ಮಾಡುವವನಲ್ಲಿ ಇಲ್ಲ, ಮಾಡಿಸಿಕೊಳ್ಳುವವರ ಮನಸ್ಸಿನಲ್ಲೇ ಇದೆ. ಇಂದಿನ ವಿಜ್ಞಾನ ಹೆಚ್ಚುಕಮ್ಮಿ ಅದೇ ದಾರಿಯಲ್ಲಿದೆ. ‘ಹಿಪ್ನೋಟಿಸಂ’ ಎಂಬ ಹೆಸರನ್ನು ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಬ್ರೇಡ್ ಬಳಕೆಗೆ ತಂದದ್ದು 1840ರ ದಶಕದಲ್ಲಿ.

ಫರಿಯಾ ಬಗ್ಗೆ ಗೋವಾದಲ್ಲಿ ಒಂದು ಕತೆ ಹೇಳುತ್ತಾರೆ. ಪೋರ್ಚುಗಲ್ ರಾಣಿಯ ಮುಂದೆ ಪ್ರವಚನಕ್ಕೆ ನಿಂತಾಗ ಗಂಟಲು ಕಟ್ಟಿತಂತೆ. ಪಕ್ಕದಲ್ಲಿದ್ದ ಅಪ್ಪ ಕೊಂಕಣಿಯಲ್ಲಿ ಪಿಸುಗುಟ್ಟಿದರಂತೆ, ಎದುರು ಕೂತವರೆಲ್ಲ ಬರೀ ತರಕಾರಿ, ಕೊಚ್ಚಿ ಹಾಕು ಎಂದು. ಭಯ ಓಡಿತಂತೆ. ಕತೆ ನಿಜವೋ ಸುಳ್ಳೋ, ಸೋಮವಾರದ ಪ್ರೆಸೆಂಟೇಶನ್ ಇರುವವರು ಪ್ರಯೋಗ ಮಾಡಿ ನೋಡಬಹುದು.

ಬಾಗಿಲು ಮುಚ್ಚಿದ ಮೇಲೆ

ಕುರ್ಚಿಯಲ್ಲಿ ಎಷ್ಟು ಸಲ ಹಾರಿದರೂ ಒಂದು ದಿನ ನಿಜವಾಗಿ ಹಾರಲೇಬೇಕು. ಮೇಡಂ ಅದರಲ್ಲಿ ಕಟ್ಟುನಿಟ್ಟು. ಮೊದಲು ಗೆಳತಿಯನ್ನು ಬಿಡಲು ದೇವನಹಳ್ಳಿಗೆ ಹೋಗಿ ಒಂದು ಗಂಟೆ ಹೊರಗೆ ಕೂತು ಬಂದೆ. ಆಮೇಲೆ ಬೆಂಗಳೂರು-ಮಂಗಳೂರು ಟಿಕೆಟ್. ಒಂದು ಗಂಟೆಯ ದಾರಿ, ಆದರೆ ಇಳಿಯುವುದು ಅದೇ ಗುಡ್ಡದ ಮೇಲಿನ ರನ್‌ವೇ.

ಬಾಗಿಲು ಮುಚ್ಚಿದಾಗ ಅಂಗೈ ಬೆವರಿತು, ಬೆರಳು ಒತ್ತಿ ಹಿಡಿದೆ. ಭಯದ ಅಂಕ 70. ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಇಳಿದು, ವಿಮಾನ ಕೆಳಗೆ ಜಾರಿದಂತೆ ಅನಿಸಿತು. ಮೊದಲಾಗಿದ್ದರೆ ಕಿರುಚುತ್ತಿದ್ದೆ. ಏರಿದ ಮೇಲೆ ಪೈಲಟ್‌ಗಳು ಎಂಜಿನ್ ಶಕ್ತಿ ಕಡಿಮೆ ಮಾಡುವುದು ಮಾಮೂಲಿ, ಕಿವಿಗೆ ಅದು ಬೀಳುತ್ತಿರುವಂತೆ ಅನಿಸುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು. ಇಂಥ ಸಣ್ಣ ಮಾಹಿತಿ ಅರ್ಧ ಥೆರಪಿಗೆ ಸಮ ಎಂದು ನನ್ನ ಅಭಿಪ್ರಾಯ. ಮೋಡದ ಮೇಲೆ 40ಕ್ಕೆ ಇಳಿದಿದ್ದೆ. ಲ್ಯಾಂಡಿಂಗ್ ಹೊತ್ತಿಗೆ ಮತ್ತೆ 85. ಅಳು ಬಂತು, ಪಕ್ಕದ ಸೀಟಿನ ಅಜ್ಜಿ ಏನೂ ಕೇಳದೆ ಬ್ಯಾಗಿನಿಂದ ಪೆಪ್ಪರ್‌ಮಿಂಟ್ ತೆಗೆದುಕೊಟ್ಟರು. ಚಕ್ರ ನೆಲ ಮುಟ್ಟಿತು.

ಮೂರು ವಾರ ಬಿಟ್ಟು ಅದೇ ರನ್‌ವೇಯಿಂದ ಅಮ್ಮನ ಜೊತೆ ದುಬೈಗೆ. ಅಮ್ಮ ಬೆಲ್ಟ್ ಹಾಕಿಕೊಂಡ ಹತ್ತು ನಿಮಿಷಕ್ಕೆ ಗೊರಕೆ. ನಾನು ನಾಲ್ಕು ತಾಸು ಎಚ್ಚರವಾಗಿದ್ದೆ, ಆದರೆ ಕೂತಿದ್ದೆ. ಕುಲುಕಾಟ ಬಂದಾಗಲೆಲ್ಲ ಅಡಿಕೆ ತೋಟ. ಹಾರುವ ಮುಂಚೆ ಸಮಾಧಾನಕ್ಕೆಂದು ಮದ್ಯ ಕುಡಿಯುವುದು, ಯಾರದೋ ನಿದ್ದೆ ಮಾತ್ರೆ ನುಂಗುವುದು ಇವೆಲ್ಲ ಬೇಡ ಎಂದು ಮೊದಲೇ ತಾಕೀತಾಗಿತ್ತು. ಮಾತ್ರೆ ಬೇಕೇ ಬೇಕೆನಿಸಿದರೆ ಮನೋವೈದ್ಯರೇ ಬರೆದುಕೊಡಬೇಕು.

ಖರ್ಚಿನ ಮಾತು ಬಂದರೆ, ಸೆಷನ್ನುಗಳಿಗೆ ದುಡ್ಡು ಹೊಂದಿಸುವುದು ಎಲ್ಲರಿಗೂ ಆಗುವುದಿಲ್ಲ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ, ಬಿಟಿಎಂ ಲೇಔಟಿನಲ್ಲಿ ಅದರ ವೆಲ್‌ಬೀಯಿಂಗ್ ಸೆಂಟರ್ ಇದೆ. ಎಲ್ಲಿಗೆ ಹೋಗಬೇಕು ಎಂದೇ ತಿಳಿಯದವರು ಸರಕಾರದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಅಕ್ಕನಿಗೆ ಹೆಣ್ಣು ಮಗು. ಅಮ್ಮನನ್ನು ವಾಪಸ್ ಕರೆತರಲು ಮುಂದಿನ ತಿಂಗಳು ಮತ್ತೆ ಹೋಗಬೇಕು, ಈ ಸಲ ಸಿಕ್ಕಿರುವುದು ರಾತ್ರಿ ವಿಮಾನ. ಕತ್ತಲಲ್ಲಿ ಹಾರುವುದಕ್ಕೆ ಪಟ್ಟಿಯಲ್ಲಿ ನಾನು ಕೊಟ್ಟಿರುವ ಅಂಕ 75. ಗುರುವಾರ ಸಂಜೆ ಆರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ.