ತಂಪು ಯಂತ್ರಕ್ಕೂ ಬೇಕು ಆರೋಗ್ಯ ತಪಾಸಣೆ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎಂಬುದು ಹಿರಿಯರ ಮಾತು. ಚಳಿ ಹೋದ ಬೆನ್ನಿಗೇ ಮನೆಯಲ್ಲಿ ಎ.ಸಿ. ರಿಮೋಟ್‌ಗಾಗಿ ಹುಡುಕಾಟ ಶುರುವಾಗುತ್ತದೆ. ನಾಲ್ಕೈದು ತಿಂಗಳು ಗೋಡೆಯ ಮೇಲೆ ಸುಮ್ಮನೆ ಕುಳಿತಿದ್ದ ಯಂತ್ರ ಗುಂಡಿ ಒತ್ತಿದೊಡನೆ ತಣ್ಣನೆಯ ಗಾಳಿ ಬೀಸುತ್ತದೆ. ಜೊತೆಗೆ ಒದ್ದೆ ಬಟ್ಟೆ ಮುಗ್ಗಿದಂಥ ವಾಸನೆಯೂ ಬರುತ್ತದೆ. ಎರಡು ದಿನ ಕಳೆಯುವುದರೊಳಗೆ ಮಗುವಿಗೆ ಸೀನು, ಅಜ್ಜನಿಗೆ ಕೆಮ್ಮು. ‘ನಮ್ಮ ಮನೆಯವರಿಗೆ ಎ.ಸಿ. ಗಾಳಿ ಆಗುವುದಿಲ್ಲ’ ಎಂದು ತೀರ್ಮಾನವಾಗಿಬಿಡುತ್ತದೆ.

ಇಂಥ ಅನೇಕ ಸಂದರ್ಭಗಳಲ್ಲಿ ಮೈಗೆ ಒಗ್ಗದಿರುವುದು ತಂಪಲ್ಲ, ಯಂತ್ರದ ಹೊಟ್ಟೆಯಲ್ಲಿ ಸೇರಿಕೊಂಡಿರುವ ಕೊಳೆ. ಸ್ಕೂಟರನ್ನು ಕಾಲಕಾಲಕ್ಕೆ ಸರ್ವೀಸ್ ಮಾಡಿಸುವ ನಾವು, ರಾತ್ರಿಯಿಡೀ ಉಸಿರಾಡುವ ಗಾಳಿಯನ್ನು ಕೊಡುವ ಯಂತ್ರ ಕೆಟ್ಟು ನಿಲ್ಲುವವರೆಗೂ ಅದರತ್ತ ತಿರುಗಿ ನೋಡುವುದಿಲ್ಲ.

ಶಾಖ ಸಾಗಿಸುವ ಪಂಪು

ಬಾವಿಯ ನೀರನ್ನು ಪಂಪು ಮೇಲೆತ್ತಿ ತೊಟ್ಟಿಗೆ ಸುರಿಯುವಂತೆ, ಎ.ಸಿ. ಕೋಣೆಯೊಳಗಿನ ಶಾಖವನ್ನು ಎತ್ತಿ ಹೊರಗೆ ಚೆಲ್ಲುತ್ತದೆ. ಆದ್ದರಿಂದ ತಂತ್ರಜ್ಞರ ಭಾಷೆಯಲ್ಲಿ ಅದೂ ಒಂದು ‘ಹೀಟ್ ಪಂಪ್’. ಇದೇ ಯಂತ್ರವನ್ನು ತಿರುವುಮುರುವಾಗಿ ನಡೆಸಿದರೆ ಹೊರಗಿನ ಶಾಖ ಒಳಗೆ ಬಂದು ಕೋಣೆ ಬೆಚ್ಚಗಾಗುತ್ತದೆ. ಅಮೆರಿಕ, ಯುರೋಪಿನಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಚಳಿಗಾಲದಲ್ಲಿ ಹೋಗಿಬಂದವರು ಇಂಥ ಯಂತ್ರಗಳನ್ನು ನೋಡಿರಬಹುದು. ನಮ್ಮಲ್ಲಿ ‘ಹಾಟ್ ಅಂಡ್ ಕೋಲ್ಡ್’ ಎಂದು ಮಾರುವ ಎ.ಸಿ.ಗಳೂ ಇವೇ.

ಒಂದೂವರೆ ಟನ್ನಿನ ಎ.ಸಿ. ಸುಮಾರು ಒಂದೂವರೆ ಕಿಲೋವಾಟ್ ವಿದ್ಯುತ್ ಬಳಸಿ ಸುಮಾರು 5 ಕಿಲೋವಾಟ್ ಶಾಖವನ್ನು ಸಾಗಿಸಬಲ್ಲದು. ತಾಮ್ರದ ಕೊಳವೆಗಳಲ್ಲಿ ಸುತ್ತುವ ಗ್ಯಾಸ್ ಈ ಶಾಖವನ್ನು ಹೊರುತ್ತದೆ. ಒಳಗಿನ ಕಾಯಿಲ್‌ನಲ್ಲಿ ಅದು ಶಾಖ ಹೀರಿಕೊಂಡು ಹೊರಗಿನ ಕಾಯಿಲ್‌ನಲ್ಲಿ ಬಿಟ್ಟುಕೊಡುತ್ತದೆ. ಎರಡರಲ್ಲಿ ಯಾವುದಕ್ಕೆ ಧೂಳು ಮೆತ್ತಿಕೊಂಡರೂ ಶಾಖದ ಸಾಗಣೆ ಕುಂಠಿತವಾಗುತ್ತದೆ. ಕರೆಂಟ್ ಬಿಲ್ ಏರುತ್ತದೆ, ಕೋಣೆ ತಂಪಾಗುವುದಿಲ್ಲ.

ಇದು ಬರಿಯ ಸುಖದ ಪ್ರಶ್ನೆಯಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಹೃದ್ರೋಗಿಗಳಿಗೆ, ವಯಸ್ಸಾದವರಿಗೆ ತಂಪಾದ ಕೋಣೆ ಔಷಧಿಯಷ್ಟೇ ಮುಖ್ಯ. ಆರೈಕೆ ಇಲ್ಲದ ಯಂತ್ರ ಕೈಕೊಡುವುದು ಸಾಮಾನ್ಯವಾಗಿ ಕಡು ಬೇಸಿಗೆಯ ದಿನವೇ.

ಧೂಳು, ತೇವ, ಕತ್ತಲೆ

1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಈ ಬಗೆಯ ಯಂತ್ರವನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಮುದ್ರಣ ಕೆಡುತ್ತಿತ್ತು. ಆ ತೇವವನ್ನು ಹತೋಟಿಗೆ ತರುವುದು ಅವರ ಕೆಲಸವಾಗಿತ್ತು. ಇಂದಿನ ಎ.ಸಿ.ಯೂ ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿಯ ಸೆಕೆಯಲ್ಲಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ಇಳಿಯಬಹುದು.

ಈ ನೀರು ಕಾಯಿಲ್ ಮೇಲಿಂದ ಜಾರಿ ಕೆಳಗಿನ ತಟ್ಟೆಗೆ ಬಿದ್ದು ಕೊಳವೆಯ ಮೂಲಕ ಹೊರಗೆ ಹೋಗಬೇಕು. ಕೋಣೆಯ ಧೂಳು, ಬಟ್ಟೆಯ ನಾರು, ಚರ್ಮದ ಹೊಟ್ಟು ಒದ್ದೆ ಕಾಯಿಲ್‌ಗೆ ಅಂಟಿಕೊಂಡರೆ ಬೂಷ್ಟಿಗೆ ಬೇಕಾದುದೆಲ್ಲ ಸಿಕ್ಕಿದಂತಾಯಿತು: ಆಹಾರ, ನೀರು, ಕತ್ತಲೆ. ಕಾಯಿಲ್‌ನ ಹಿಂದಿರುವ ಬ್ಲೋವರ್ ಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 1,200 ಘನ ಅಡಿ ಗಾಳಿ ಇರುತ್ತದೆ. ಒಂದೂವರೆ ಟನ್ನಿನ ಯಂತ್ರ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿಯನ್ನು ಎಳೆದು ಬಿಡುತ್ತದೆ. ಎಂದರೆ ಮೂರು ನಿಮಿಷಕ್ಕೊಮ್ಮೆ ಕೋಣೆಯಷ್ಟು ಗಾಳಿ ಅದೇ ಕಾಯಿಲ್ ಮೂಲಕ ಹಾಯುತ್ತದೆ. ಎಂಟು ಗಂಟೆಯ ನಿದ್ದೆಯಲ್ಲಿ ಎಷ್ಟು ಸಲ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಯಾವ ಕಾಯಿಲೆಗಳು ಬರಬಹುದು?

ಸಾಮಾನ್ಯವಾಗಿ ಕಾಣಿಸುವುದು ಅಲರ್ಜಿ. ಬೂಷ್ಟಿನ ಸೂಕ್ಷ್ಮ ಬೀಜಕಣಗಳು ಮೂಗಿಗೆ ಹೋದಾಗ ಸಾಲು ಸೀನು, ಮೂಗು ಸೋರುವುದು, ಕಣ್ಣು ತುರಿಕೆ ಶುರುವಾಗುತ್ತದೆ. ಉಬ್ಬಸವಿರುವವರಲ್ಲಿ ರಾತ್ರಿ ಎದೆ ಬಿಗಿದು ಸುಯ್ಯೆನ್ನುವ ಸದ್ದು ಬರಬಹುದು.

ಅಪರೂಪಕ್ಕೆ ಶ್ವಾಸಕೋಶದ ಒಳಗೇ ಅಲರ್ಜಿಯ ಉರಿಯೂತ ಉಂಟಾಗುತ್ತದೆ. ಕಲುಷಿತ ಹವಾನಿಯಂತ್ರಣ ಯಂತ್ರದಿಂದ ಕಚೇರಿ ನೌಕರರಿಗೆ ಇದು ಬಂದುದನ್ನು ಅಮೆರಿಕದ ವೈದ್ಯರು 1970ರಲ್ಲೇ ವರದಿ ಮಾಡಿದ್ದರು. ಕಲುಷಿತ ಗಾಳಿ ಸೇವಿಸಿದ ಕೆಲವು ಗಂಟೆಗಳ ಮೇಲೆ ಜ್ವರ, ಮೈಕೈ ನೋವು, ಒಣಕೆಮ್ಮು, ಏದುಸಿರು ಬರುತ್ತದೆ. ಫ್ಲೂ ಎಂದುಕೊಂಡು ಮಾತ್ರೆ ನುಂಗುತ್ತಾ ವರ್ಷಗಟ್ಟಲೆ ಕಳೆದರೆ ಶ್ವಾಸಕೋಶಕ್ಕೆ ಶಾಶ್ವತ ಹಾನಿಯಾದೀತು.

ಮನೆಯವರು ಗಮನಿಸಬೇಕಾದ ಸುಳಿವು ಒಂದಿದೆ. ಊರಿಗೆ ಹೋದಾಗ ಕೆಮ್ಮು ಕಡಿಮೆಯಾಗಿ, ಮರಳಿ ಬಂದು ಎ.ಸಿ. ಕೋಣೆಯಲ್ಲಿ ಮಲಗಿದ ಮೇಲೆ ಮತ್ತೆ ಹೆಚ್ಚಾದರೆ ಯಂತ್ರದ ಮೇಲೆ ಅನುಮಾನ ಪಡಬೇಕು. ಇದನ್ನು ವೈದ್ಯರಿಗೂ ಹೇಳಬೇಕು.

‘ಎ.ಸಿ.ಯಿಂದ ಲೀಜನೆಲ್ಲಾ ನ್ಯುಮೋನಿಯಾ ಬರುತ್ತದಂತೆ’ ಎಂಬ ಭಯ ಕೆಲವರಿಗಿದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ ನಡೆದಾಗ 200ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದು 34 ಮಂದಿ ಸತ್ತರು. ಮರುವರ್ಷ ಈ ರೋಗಾಣು ಪತ್ತೆಯಾಯಿತು. ಇದು ಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆದು ತುಂತುರಿನೊಡನೆ ಹರಡುತ್ತದೆ. ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್‌ಗಳಲ್ಲಿ ಇದರ ಅಪಾಯ ಹೆಚ್ಚು. ಮನೆಯ ಸ್ಪ್ಲಿಟ್ ಎ.ಸಿ.ಯಲ್ಲಿ ಅಂಥ ನೀರಿನ ಗೋಪುರ ಇಲ್ಲದಿರುವುದರಿಂದ ಈ ಭಯಕ್ಕೆ ಕಾರಣವಿಲ್ಲ.

ಇನ್ನೊಂದು ಮಾತು. ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಶುದ್ಧ ಗಾಳಿಯನ್ನು ಒಳಗೆ ತರುವುದಿಲ್ಲ. ಇದ್ದ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಬೆಳಿಗ್ಗೆ, ಸಂಜೆ ಕಿಟಕಿ ತೆರೆದು ಗಾಳಿಯಾಡಲು ಬಿಡುವುದು ಯಾವ ಸರ್ವೀಸಿನಿಂದಲೂ ತಪ್ಪದ ಕೆಲಸ.

ಮನೆಯವರ ಕೆಲಸ ಎಲ್ಲಿಯವರೆಗೆ?

ಎದುರಿನ ಮುಚ್ಚಳ ತೆರೆದು ಜಾಲರಿಯ ಫಿಲ್ಟರ್ ತೆಗೆದು ತೊಳೆಯುವುದು ಮನೆಯವರ ಕೆಲಸ. ಬಳಕೆಯ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ, ರಸ್ತೆ ಬದಿಯ ಮನೆಯಾದರೆ ವಾರಕ್ಕೊಮ್ಮೆ ಸ್ವಿಚ್ ಆರಿಸಿ ಇದನ್ನು ಮಾಡಬೇಕು. ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಮತ್ತೆ ಹಾಕಬೇಕು. ಉಬ್ಬಸದವರು ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು.

ಅಲ್ಲಿಂದ ಮುಂದಿನದು ತರಬೇತಿ ಪಡೆದ ಮೆಕ್ಯಾನಿಕ್‌ನ ಕೆಲಸ. ಯಂತ್ರದೊಳಗಿನ ಕೆಪಾಸಿಟರ್ ಸ್ವಿಚ್ ಆರಿಸಿದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಕಾಯಿಲ್‌ನ ಅಲ್ಯೂಮಿನಿಯಂ ರೆಕ್ಕೆಗಳು ಬ್ಲೇಡಿನಂತೆ ಹರಿತ. ಅಂಗಡಿಯಿಂದ ಆ್ಯಸಿಡ್, ಬ್ಲೀಚಿಂಗ್ ದ್ರಾವಣ ತಂದು ಸುರಿಯುವ ಸಾಹಸ ಬೇಡವೇ ಬೇಡ. ಇವೆರಡು ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹೊಮ್ಮುತ್ತದೆ.

ವರ್ಷಕ್ಕೆರಡು ಸಲ ಪೂರ್ಣ ಸರ್ವೀಸ್ ಮಾಡಿಸುವುದು ವಾಡಿಕೆ: ಬೇಸಿಗೆಗೆ ಮೊದಲು ಫೆಬ್ರುವರಿಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ. ಕರಾವಳಿಯ ಉಪ್ಪುಗಾಳಿ ಹೊರಗಿನ ಕಾಯಿಲನ್ನು ಬೇಗ ತಿನ್ನುತ್ತದೆ. ಅಲ್ಲಿಯವರು ಇನ್ನೂ ಒಂದು ಸಲ ಹೆಚ್ಚಿಗೆ ನೋಡಿಸುವುದು ಲೇಸು.

‘ಗ್ಯಾಸ್ ಮುಗಿದಿದೆ ಸಾರ್!’

ಎ.ಸಿ. ತಂಪು ಕೊಡದಿದ್ದರೆ ಅನೇಕ ಕಡೆ ಕೇಳುವ ಮಾತು ಇದು. ಅಡುಗೆ ಗ್ಯಾಸಿನಂತೆ ಈ ಗ್ಯಾಸ್ ಉರಿದು ಖರ್ಚಾಗುವುದಿಲ್ಲ. ನಮ್ಮ ಮೈಯ ರಕ್ತದಂತೆ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದೆಂದರೆ ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ.

ಈ ಗ್ಯಾಸ್‌ಗಳೂ ಬದಲಾಗಿವೆ. ಹಿಂದೆ ಬಳಸುತ್ತಿದ್ದ ಆರ್-22 ಓಜೋನ್ ಪದರಕ್ಕೆ ಹಾನಿ ಮಾಡುತ್ತದೆಂದು, 1987ರ ಮಾಂಟ್ರಿಯಲ್ ಒಪ್ಪಂದದಂತೆ ಹಂತಹಂತವಾಗಿ ಅದನ್ನು ಕೈಬಿಡಲಾಯಿತು. ಈಗಿನ ಅನೇಕ ಯಂತ್ರಗಳಲ್ಲಿರುವುದು ಆರ್-32. ಇದು ಸುಲಭವಾಗಿ ಹೊತ್ತಿಕೊಳ್ಳದು, ಆದರೆ ಹೊತ್ತಿಕೊಳ್ಳಬಲ್ಲದು. ಉರಿದರೆ ಶ್ವಾಸಕೋಶವನ್ನು ಸುಡುವ ಅನಿಲ ಉಂಟಾಗುತ್ತದೆ. ಕೆಲವು ಯಂತ್ರಗಳಲ್ಲಿ ಬಳಸುವ ಆರ್-290 ಎಂದರೆ ಪ್ರೊಪೇನ್. ಅದು ಅಡುಗೆ ಗ್ಯಾಸಿನಷ್ಟೇ ಬೇಗ ಹೊತ್ತಿಕೊಳ್ಳುತ್ತದೆ. ಒಂದು ಯಂತ್ರದ ಗ್ಯಾಸನ್ನು ಇನ್ನೊಂದಕ್ಕೆ ತುಂಬುವುದಾಗಲಿ, ಗ್ಯಾಸ್ ಬಿಡುವಾಗ ಕೋಣೆಯಲ್ಲಿ ಬೀಡಿ, ಊದುಬತ್ತಿ ಹಚ್ಚುವುದಾಗಲಿ ಸಲ್ಲದು.

ಸೋರಿಕೆ ಪರೀಕ್ಷಿಸಲು ಒಣ ನೈಟ್ರೋಜನ್ ಬಳಸಬೇಕು. ಆಕ್ಸಿಜನ್ ಸಿಲಿಂಡರ್ ಜೋಡಿಸುವುದು ಪ್ರಾಣಕ್ಕೇ ಸಂಚಕಾರ. ಕಂಪ್ರೆಸರ್‌ನ ಎಣ್ಣೆಯೂ ಒತ್ತಡದ ಆಕ್ಸಿಜನ್ನೂ ಸೇರಿದರೆ ಸಿಡಿಯಬಹುದು.

ಹೊರಗೆ ಹೋಗುವ ನೀರಿನ ಕತೆ

ಎ.ಸಿ.ಯ ನೀರು ಬೀಳಲೆಂದು ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಮರೆಯುವವರಿದ್ದಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ಇಷ್ಟ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದ ರಾಜ್ಯ ಸರ್ಕಾರ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ವಿಧಿಸುವ ನಿಯಮ ತಂದಿತು. ಬಕೆಟ್‌ನ ನೀರನ್ನು ದಿನವೂ ಗಿಡಗಳಿಗೆ ಹಾಕಿ. ವಾರಕ್ಕೊಮ್ಮೆಯಾದರೂ ಬಕೆಟನ್ನು ಉಜ್ಜಿ ತೊಳೆಯಿರಿ. ಈ ನೀರನ್ನು ಕುಡಿಯಲು, ಅಡುಗೆಗೆ ಬಳಸಬಾರದು.

ಬಿಸಿನೀರಿನ ಹೀಟ್ ಪಂಪ್

ಗಾಳಿಯ ಶಾಖವನ್ನು ಹೀರಿ ಸ್ನಾನದ ನೀರು ಕಾಯಿಸುವ ಹೀಟ್ ಪಂಪ್‌ಗಳೂ ಬಂದಿವೆ. ಲೀಜನೆಲ್ಲಾದ ಎಚ್ಚರಿಕೆ ಬೇಕಾದದ್ದು ಇಲ್ಲಿ. ಕರೆಂಟ್ ಉಳಿಸಲೆಂದು ತೊಟ್ಟಿಯ ನೀರನ್ನು 40 ಡಿಗ್ರಿಯ ಆಸುಪಾಸಿನಲ್ಲೇ ಇಟ್ಟರೆ ಆ ರೋಗಾಣುವಿಗೆ ಹಬ್ಬ. ತೊಟ್ಟಿಯಲ್ಲಿ 60 ಡಿಗ್ರಿ ಶಾಖ ಇರಬೇಕೆಂಬುದು ತಜ್ಞರ ಸಲಹೆ. ಅಷ್ಟು ಬಿಸಿಯಾದ ನೀರು ಮಕ್ಕಳ, ಮುದುಕರ ಚರ್ಮವನ್ನು ಕ್ಷಣಗಳಲ್ಲಿ ಸುಡುತ್ತದೆ. ಆದ್ದರಿಂದ ಬಚ್ಚಲಿನಲ್ಲಿ ತಣ್ಣೀರು ಬೆರೆಸುವ ಮಿಕ್ಸರ್ ಇರಲೇಬೇಕು. ತಂತ್ರಜ್ಞರು ಬಂದಾಗ ಶಾಖದ ಮಟ್ಟ, ಸೇಫ್ಟಿ ವಾಲ್ವ್, ಅರ್ತಿಂಗ್ ಇವಿಷ್ಟನ್ನು ನೋಡಿಸಬೇಕು. ತೊಟ್ಟಿಯ ತಳದ ಗಸಿಯನ್ನೂ ತೆಗೆಸಬೇಕು.

ಎ.ಸಿ. ಸರ್ವೀಸ್ ಮಾಡಿಸುವಾಗ ಗಮನಿಸಿ

1. ಕಂಪನಿಯ ಅಧಿಕೃತ ಕೇಂದ್ರದವರನ್ನು ಅಥವಾ ಐ.ಟಿ.ಐ.ಯಲ್ಲಿ ಈ ವಿದ್ಯೆ ಕಲಿತವರನ್ನು ಕರೆಸಿ.

2. ಫಿಲ್ಟರ್ ತೊಳೆದಷ್ಟಕ್ಕೆ ಸರ್ವೀಸ್ ಮುಗಿಯದು. ಕಾಯಿಲ್, ಬ್ಲೋವರ್, ನೀರಿನ ತಟ್ಟೆ, ಕೊಳವೆ, ಹೊರಗಿನ ಯಂತ್ರ ಎಲ್ಲವೂ ಶುಚಿಯಾಗಬೇಕು. ಕೊನೆಗೆ ತಟ್ಟೆಗೆ ಒಂದು ಲೋಟ ನೀರು ಹಾಕಿಸಿ, ಸರಾಗವಾಗಿ ಹರಿಯುವುದೇ ನೋಡಿ.

3. ಗ್ಯಾಸ್ ತುಂಬಬೇಕೆಂದರೆ ಮೊದಲು ಸೋರಿಕೆಯ ಜಾಗ ತೋರಿಸಲು ಕೇಳಿ. ಅದನ್ನು ಮುಚ್ಚಿ, ವ್ಯಾಕ್ಯೂಮ್ ಪಂಪ್‌ನಿಂದ ಕೊಳವೆಯ ಗಾಳಿ, ತೇವ ತೆಗೆದ ಮೇಲೆ, ಯಂತ್ರದ ಮೇಲೆ ಬರೆದಿರುವ ಗ್ಯಾಸನ್ನೇ ತೂಕ ಮಾಡಿ ತುಂಬಬೇಕು.

4. ಪ್ಲಗ್ ಕಪ್ಪಾಗಿದೆಯೇ, ವೈರು ಬಿಸಿಯಾಗುತ್ತಿದೆಯೇ, ಅರ್ತಿಂಗ್ ಸರಿಯಿದೆಯೇ ನೋಡಿಸಿ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎ.ಸಿ. ನಡೆಸಬೇಡಿ.

5. ತೊಳೆಯುವಾಗ ಮಕ್ಕಳು, ಉಬ್ಬಸದವರು, ಬಸುರಿಯರು ಬೇರೆ ಕೋಣೆಯಲ್ಲಿರಲಿ. ನಂತರ ಅರ್ಧ ಗಂಟೆ ಕಿಟಕಿ ತೆರೆದಿಡಿ.

6. ಮಾಡಿದ ಕೆಲಸ, ದಿನಾಂಕ, ತುಂಬಿದ ಗ್ಯಾಸಿನ ತೂಕವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಹೊರಗಿನ ಯಂತ್ರ ಮೂರನೆಯ ಮಹಡಿಯ ಸಜ್ಜದ ಮೇಲಿದ್ದರೆ ಮೆಕ್ಯಾನಿಕ್ ಬೆಲ್ಟ್ ಕಟ್ಟಿಕೊಳ್ಳದೆ ಇಳಿಯಲು ಬಿಡಬೇಡಿ, ‘ಬೇಗ ಮುಗಿಸಪ್ಪ’ ಎಂದು ಅವಸರಪಡಿಸಲೂ ಬೇಡಿ. ನಮ್ಮ ಮನೆಯ ತಂಪಿಗಾಗಿ ಇನ್ನೊಂದು ಮನೆಯ ದುಡಿಯುವ ಕೈ ಬೀಳಬಾರದು.

ಸರ್ವೀಸ್ ಆದ ಮೇಲೆ ಯಂತ್ರವನ್ನು 24 ಡಿಗ್ರಿಯಲ್ಲೋ ಅದಕ್ಕಿಂತ ಒಂದೆರಡು ಡಿಗ್ರಿ ಮೇಲೋ ಇಟ್ಟು ಫ್ಯಾನ್ ಹಾಕಿಕೊಂಡರೆ ಸಾಕು. ಸ್ಟಾರ್ ಗುರುತಿನ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗುವಂತೆ 2020ರ ಜನವರಿಯಿಂದ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಶುಚಿಮಾಡಿಸಿದ ನಂತರವೂ ಕೆಮ್ಮು ಎರಡು ವಾರ ಮೀರಿ ಉಳಿದರೆ, ಜ್ವರ ಮರುಕಳಿಸಿದರೆ, ಏದುಸಿರು ಬಂದರೆ ಎ.ಸಿ.ಯ ಮೇಲೆ ಗೂಬೆ ಕೂರಿಸಿ ಸುಮ್ಮನಿರಬಾರದು. ಕೂಡಲೇ ವೈದ್ಯರನ್ನು ಕಾಣಬೇಕು.