ಬಿಸಿಲ ನಾಡಿನಲ್ಲಿ ಒಣಗದ ಬಾದಾಮಿ ಕೇಕ್

ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಸಂಗತಿಯೇನಲ್ಲ. ಒಗೆದು ಹಾಕಿದ ಬಟ್ಟೆ ಒಂದು ತಾಸಿನಲ್ಲಿ ಗರಿಗರಿಯಾಗುವ ಊರಿದು. ಇಂಥಲ್ಲಿ ಮನೆಯಲ್ಲಿ ಮಾಡಿದ ಕೇಕ್ ಮರುದಿನಕ್ಕೆ ರಸ್ಕಿನಂತಾದರೆ ಮಾಡಿದವರ ಕೈಗುಣವನ್ನು ಹಳಿಯುವುದು ಸುಲಭ. ಆದರೆ ತಪ್ಪು ಬಹುಮಟ್ಟಿಗೆ ಕೈಯದಲ್ಲ. ತಂಪು ದೇಶದ ಪಾಕವಿಧಾನವನ್ನು ಬಿಸಿಲೂರಿನ ಅಡುಗೆಮನೆಗೆ ಇದ್ದ ಹಾಗೆಯೇ ತಂದದ್ದರದು.

ಮಕ್ಕಳ ಹುಟ್ಟುಹಬ್ಬಕ್ಕೆ ಆರತಿ, ಪಾಯಸ ಸಾಕು ಎನ್ನುತ್ತಿದ್ದ ಕಾಲ ಹೋಯಿತು. ಈಗ ದೇವದುರ್ಗ, ಮಾನ್ವಿಗಳಲ್ಲೂ ಕೇಕ್ ಕತ್ತರಿಸದಿದ್ದರೆ ಮಕ್ಕಳಿಗೆ ಸಮಾಧಾನವಿಲ್ಲ. ರಾಯಚೂರಿನಿಂದ ಕೊಂಡು ತರೋಣವೆಂದರೆ ಎರಡೂ ಊರುಗಳು ಐವತ್ತು ಕಿ.ಮೀ. ಆಸುಪಾಸಿನಲ್ಲಿವೆ. ಬೇಸಿಗೆಯ ಮಧ್ಯಾಹ್ನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಕ್ರೀಮ್ ಕೇಕ್ ಮನೆ ಮುಟ್ಟುವಾಗ ಅದರ ಮೇಲೆ ಬರೆಸಿದ ಹೆಸರು ಉಳಿದಿರುವುದೇ ಅನುಮಾನ. ಇದರ ಜೊತೆಗೆ ಬಣ್ಣದ ಚಿಂತೆ ಬೇರೆ. 2024ರ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣಗಳು ಮಿತಿ ಮೀರಿದ್ದವು. ಉಳಿದ 223 ಮಾದರಿಗಳು ಸುರಕ್ಷಿತವಾಗಿದ್ದವು ಎಂಬುದನ್ನೂ ಮರೆಯಬಾರದು. ಆದರೂ ಮಗುವಿನ ಬಾಯಿಗೆ ಹೋಗುವುದರಲ್ಲಿ ಏನಿದೆ ಎಂದು ತಿಳಿದಿರಬೇಕೆಂದು ಬಯಸುವ ತಾಯಿಗೆ ಮನೆಯ ಕೇಕ್ ಒಂದು ಒಳ್ಳೆಯ ದಾರಿ. ಅದಕ್ಕೆ ಬಣ್ಣವೇ ಬೇಡದ ಬಾದಾಮಿ ಕೇಕ್ ತಕ್ಕ ಆಯ್ಕೆ.

ತೇವವೆಂದರೆ ಬರಿಯ ನೀರಲ್ಲ

ಕೇಕ್ ಒಣಗುತ್ತದೆಂದು ಹಿಟ್ಟಿಗೆ ನೀರು ಅಥವಾ ಹಾಲು ಹೆಚ್ಚು ಸುರಿಯುವವರಿದ್ದಾರೆ. ಇದರಿಂದ ಕೇಕಿನ ತಳ ಹಸಿಯಾಗಿ ಅಂಟುತ್ತದೆಯೇ ಹೊರತು ಮೃದುವಾಗುವುದಿಲ್ಲ. ನೀರನ್ನು ಸುರಿಯುವುದಕ್ಕಿಂತ ಅದನ್ನು ಹಿಡಿದಿಡುವುದು ಮುಖ್ಯ. ಈ ಕೆಲಸ ಮಾಡುವ ಮೊದಲ ವಸ್ತು ಸಕ್ಕರೆ. ಅದು ಸಿಹಿಗಾಗಿ ಮಾತ್ರವಲ್ಲ, ನೀರಿನ ಅಣುಗಳನ್ನು ತನ್ನತ್ತ ಸೆಳೆದಿಟ್ಟುಕೊಳ್ಳಲೂ ಬೇಕು. 'ಸಕ್ಕರೆ ಅರ್ಧ ಮಾಡಿದೆ, ಕೇಕ್ ಗಟ್ಟಿಯಾಯಿತು' ಎಂಬ ದೂರಿಗೆ ಉತ್ತರ ಇಲ್ಲಿದೆ.

ಎರಡನೆಯದು ಜಿಡ್ಡು. ಮೈದಾಕ್ಕೆ ನೀರು ಸೇರಿಸಿ ಕಲಸಿದಾಗ ಅದರ ಪ್ರೋಟೀನುಗಳು ಸೇರಿ ಗ್ಲುಟೆನ್ ಎಂಬ ಎಳೆಯುವ ಜಾಲವಾಗುತ್ತದೆ. ಪರೋಟಕ್ಕೆ ಇದು ಬೇಕು, ಕೇಕಿಗೆ ಹೆಚ್ಚಾಗಬಾರದು. ಜಿಡ್ಡು ಹಿಟ್ಟಿನ ಕಣಗಳಿಗೆ ಲೇಪವಾಗಿ ಈ ಜಾಲ ಬಿಗಿಯಾಗದಂತೆ ತಡೆಯುತ್ತದೆ.

ಮೂರನೆಯದು ಬಾದಾಮಿಯೇ. ಅದರ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ, ಐದನೆಯ ಒಂದು ಭಾಗ ಪ್ರೋಟೀನು. ಗ್ಲುಟೆನ್ ಇಲ್ಲವೇ ಇಲ್ಲ, ಪಿಷ್ಟವೂ ಬಹಳ ಕಡಿಮೆ. ಬ್ರೆಡ್ಡು, ಕೇಕುಗಳು ಹಳತಾಗಿ ಗಟ್ಟಿಯಾಗುವುದಕ್ಕೆ ಮುಖ್ಯ ಕಾರಣ ಬೆಂದ ಪಿಷ್ಟ ಮತ್ತೆ ಸ್ಫಟಿಕದಂತೆ ಜೋಡಣೆಗೊಳ್ಳುವುದು. ಆದ್ದರಿಂದ ಮೈದಾದ ಒಂದು ಪಾಲನ್ನು ತೆಗೆದು ಬಾದಾಮಿ ಪುಡಿ ಸೇರಿಸಿದ ಕೇಕ್ ಹೆಚ್ಚು ಹೊತ್ತು ಮೃದುವಾಗಿರುತ್ತದೆ.

ಬೆಣ್ಣೆ ಏಕೆ ಕೈಕೊಡುತ್ತದೆ?

ಇಂಗ್ಲಿಷ್ ಪುಸ್ತಕಗಳೆಲ್ಲ ಬೆಣ್ಣೆ, ಸಕ್ಕರೆಗಳನ್ನು ಬೆಳ್ಳಗಾಗುವವರೆಗೆ ಉಜ್ಜಲು ಹೇಳುತ್ತವೆ. ಸಕ್ಕರೆಯ ಹರಳುಗಳು ಬೆಣ್ಣೆಯಲ್ಲಿ ಗಾಳಿಯ ಸಣ್ಣ ಗುಳ್ಳೆಗಳನ್ನು ಮಾಡುತ್ತವೆ. ಒಲೆಯ ಶಾಖಕ್ಕೆ ಆ ಗುಳ್ಳೆಗಳು ಹಿಗ್ಗಿ ಕೇಕ್ ಉಬ್ಬುತ್ತದೆ. ಆದರೆ ಬೆಣ್ಣೆ ಅರೆಗಟ್ಟಿಯಾಗಿ, ಅಂದರೆ 20 ಡಿಗ್ರಿ ಆಸುಪಾಸಿನಲ್ಲಿ ಇದ್ದರೆ ಮಾತ್ರ ಈ ಗಾಳಿ ನಿಲ್ಲುತ್ತದೆ. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಕರಗಿಬಿಡುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಅಡುಗೆಮನೆಯೇ ಅದಕ್ಕಿಂತ ಬಿಸಿ! ಕರಗಿದ ಬೆಣ್ಣೆಯನ್ನು ಎಷ್ಟು ಉಜ್ಜಿದರೂ ಗಾಳಿ ನಿಲ್ಲದು, ಕೇಕ್ ಇಟ್ಟಿಗೆಯಾಗುತ್ತದೆ.

ಪರಿಹಾರ ಸರಳ. ಗಾಳಿ ಹಿಡಿಯುವ ಕೆಲಸವನ್ನು ಮೊಟ್ಟೆಗೆ ವಹಿಸಿ, ಬೆಣ್ಣೆಯ ಬದಲು ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ ಬಳಸುವುದು. ಎಣ್ಣೆ ತಣ್ಣಗಾದರೂ ಗಟ್ಟಿಯಾಗದ ಕಾರಣ ಕೇಕ್ ಬಾಯಲ್ಲಿ ಇನ್ನಷ್ಟು ಮೃದುವೆನಿಸುತ್ತದೆ.

ಬಾಟಲಿಯೊಳಗಿನ ಪರಿಮಳ

ಕಾಲು ಕಿಲೋ ಬಾದಾಮಿ ಅರೆದು ಹಾಕಿದರೂ ಬೇಕರಿಯ 'ಬಾದಾಮಿ ವಾಸನೆ' ಬರಲಿಲ್ಲವೆಂದು ಬೇಸರಪಡುವವರುಂಟು. ಅದು ಬರುವುದೂ ಇಲ್ಲ. ಆ ವಾಸನೆ ಸಿಹಿ ಬಾದಾಮಿಯದಲ್ಲ, ಕಹಿ ಬಾದಾಮಿಯದು. ಅದಕ್ಕೆ ಕಾರಣವಾದ ವಸ್ತು ಬೆಂಜಾಲ್ಡಿಹೈಡ್. ಕಹಿ ಬಾದಾಮಿ ಎಣ್ಣೆಯ ಮೇಲೆ ಜರ್ಮನಿಯ ವ್ಯೋಲರ್ ಮತ್ತು ಲೀಬಿಗ್ 1832ರಲ್ಲಿ ಪ್ರಕಟಿಸಿದ ಅಧ್ಯಯನ ಸಾವಯವ ರಸಾಯನಶಾಸ್ತ್ರದ ಚರಿತ್ರೆಯಲ್ಲೇ ಹೆಸರಾದುದು.

ಕಹಿ ಬಾದಾಮಿಯಲ್ಲಿ ಅಮಿಗ್ಡಾಲಿನ್ ಎಂಬ ಪದಾರ್ಥವಿದೆ. ಬೀಜವನ್ನು ಜಜ್ಜಿ ನೀರು ಸೋಕಿಸಿದರೆ ಬೀಜದಲ್ಲೇ ಇರುವ ಕಿಣ್ವ ಅದನ್ನು ಒಡೆಯುತ್ತದೆ. ಆಗ ಗ್ಲುಕೋಸ್ ಮತ್ತು ಬೆಂಜಾಲ್ಡಿಹೈಡ್‌ಗಳ ಜೊತೆಗೆ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷವೂ ಹುಟ್ಟುತ್ತದೆ. ಸಯನೈಡ್ ಎಂದೊಡನೆ ಈ ಜಿಲ್ಲೆಯವರಿಗೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ನೆನಪಾಗುವುದು ಸಹಜ. ಅದಿರಿನ ಪುಡಿಯಿಂದ ಚಿನ್ನವನ್ನು ಕರಗಿಸಿ ತೆಗೆಯಲು ಅಲ್ಲಿ ಬಳಸುವುದು ಇದೇ ಕುಟುಂಬದ ಸಂಯುಕ್ತವನ್ನು. ಅಂಗಡಿಯ ಬಾದಾಮಿ ಎಸೆನ್ಸಿನ ಬಗ್ಗೆ ಭಯ ಬೇಡ. ಅದರಲ್ಲಿರುವುದು ಕಾರ್ಖಾನೆಯಲ್ಲಿ ತಯಾರಿಸಿದ, ಇಲ್ಲವೇ ಬೀಜದಿಂದ ತೆಗೆದು ವಿಷ ಕಳೆದ ಬೆಂಜಾಲ್ಡಿಹೈಡ್. ಆಹಾರ ಪರವಾನಗಿಯ 14 ಅಂಕಿಗಳ ಸಂಖ್ಯೆ ಇರುವ ಬಾಟಲಿಯನ್ನೇ ಕೊಳ್ಳಬೇಕು. 'ಅಸಲಿ ಪರಿಮಳ' ಬೇಕೆಂದು ಕಹಿ ಬೀಜ ತಂದು ಅರೆಯುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು.

ಶಾಲೆಯ ಅಂಗಳದಲ್ಲಿ ಮಕ್ಕಳು ಕಲ್ಲಿನಿಂದ ಕುಟ್ಟಿ ತಿನ್ನುವ ಕಾಡು ಬಾದಾಮಿಯ ಮಾತು ಬೇರೆ. ಅದರ ತಿರುಳು ತಿನ್ನಲು ಯೋಗ್ಯ. ಆದರೆ ಅದು ಅಸಲಿ ಬಾದಾಮಿಗೆ ಯಾವ ಬಗೆಯಲ್ಲೂ ನೆಂಟನಲ್ಲ. ಈ ಪರಿಮಳವೂ ಅದಕ್ಕಿಲ್ಲ.

ಬೇಕಾಗುವ ಸಾಮಗ್ರಿ

ಏಳು ಇಂಚಿನ ಒಂದು ಕೇಕಿಗೆ: ಮೈದಾ 125 ಗ್ರಾಂ, ಬಾದಾಮಿ 50 ಗ್ರಾಂ, ಪುಡಿ ಸಕ್ಕರೆ 150 ಗ್ರಾಂ, ಎಣ್ಣೆ 90 ಮಿ.ಲೀ., ಮೊಟ್ಟೆ 3, ಹುಳಿಯಿಲ್ಲದ ಗಟ್ಟಿ ಮೊಸರು 60 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಒಂದು ಚಿಟಿಕೆ, ಉಪ್ಪು ಒಂದು ಚಿಟಿಕೆ, ಬಾದಾಮಿ ಎಸೆನ್ಸ್ ಅರ್ಧ ಟೀ ಚಮಚ. ಮೈದಾದಲ್ಲಿ ಎರಡು ದೊಡ್ಡ ಚಮಚದಷ್ಟು ತೆಗೆದು ಅಷ್ಟೇ ಅಕ್ಕಿ ಹಿಟ್ಟು ಸೇರಿಸಿದರೆ ಗ್ಲುಟೆನ್ ಇನ್ನೂ ತಗ್ಗುತ್ತದೆ. ಭತ್ತದ ಸೀಮೆಯಾದ ಮಾನ್ವಿಯಲ್ಲಿ ಅಕ್ಕಿ ಹಿಟ್ಟಿಗೇನು ಬರ?

ಮೊಟ್ಟೆ ಬೇಡದವರು ಮೊಸರನ್ನು 180 ಗ್ರಾಂಗೆ ಏರಿಸಿ ಸೋಡಾ ಅರ್ಧ ಟೀ ಚಮಚ ಹಾಕಬೇಕು. ಮೊಸರಿನ ಆಮ್ಲ ಸೋಡಾದೊಂದಿಗೆ ಸೇರಿ ಇಂಗಾಲದ ಡೈ ಆಕ್ಸೈಡ್ ಹೊರಬಂದು ಕೇಕ್ ಉಬ್ಬುತ್ತದೆ. ಹಾಸನದ ಕಡೆಯಿಂದ ಹೊರಟು ನಾಡೆಲ್ಲ ಹರಡಿದ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯಿಲ್ಲದೆಯೂ ಕೇಕ್ ಆಗುತ್ತದೆಂದು ಎಂದೋ ತೋರಿಸಿವೆ.

ಮಾಡುವ ಕ್ರಮ

ಬಾದಾಮಿಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಇಟ್ಟು ಸಿಪ್ಪೆ ಸುಲಿದು, ಪೂರ್ತಿ ಒಣಗಿಸಬೇಕು. ಅಳತೆಯ ಸಕ್ಕರೆಯಲ್ಲೇ ಎರಡು ಚಮಚ ಸೇರಿಸಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ಓಡಿಸಬೇಕು. ಒಂದೇ ಸಮನೆ ಓಡಿಸಿದರೆ ಶಾಖಕ್ಕೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪುಗಳನ್ನು ಎರಡು ಸಲ ಜರಡಿ ಹಿಡಿದು ಬಾದಾಮಿ ಪುಡಿ ಬೆರೆಸಬೇಕು.

ಹಳೆಯ ದಪ್ಪ ತಳದ ಕುಕ್ಕರಿನ ರಬ್ಬರ್ ಮತ್ತು ವೆಯ್ಟ್ ತೆಗೆದು, ತಳಕ್ಕೆ ಎರಡು ಬೆರಳು ದಪ್ಪ ಕಲ್ಲುಪ್ಪು ಹರಡಿ, ಮೇಲೊಂದು ಸಣ್ಣ ಸ್ಟ್ಯಾಂಡ್ ಇಡಬೇಕು. ನೀರು ಹಾಕಬಾರದು. ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕು. ಓವನ್ ಇದ್ದವರು 170 ಡಿಗ್ರಿಗೆ ಇಟ್ಟುಕೊಳ್ಳಬಹುದು.

ಮೊಟ್ಟೆ, ಸಕ್ಕರೆಗಳನ್ನು ಬೆಳ್ಳಗೆ ನೊರೆಯಾಗಿ ದಪ್ಪವಾಗುವವರೆಗೆ ಕಡೆಯಬೇಕು. ಕಡೆಯುವ ಯಂತ್ರವಿದ್ದರೆ ಎಂಟು ನಿಮಿಷ ಸಾಕು. ನಂತರ ಎಣ್ಣೆಯನ್ನು ಸಣ್ಣ ಧಾರೆಯಾಗಿ ಸೇರಿಸಿ, ಮೊಸರು, ಎಸೆನ್ಸ್ ಹಾಕಬೇಕು. ಹಿಟ್ಟನ್ನು ಮೂರು ಸಲವಾಗಿ ಹಾಕುತ್ತ, ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಮಗುಚಿದರೆ ಸಾಕು. ಇಲ್ಲಿ ಜೋರಾಗಿ ಕಲಕಿದರೆ ಗಾಳಿಯೂ ಹೋಗುತ್ತದೆ, ಗ್ಲುಟೆನ್ ಕೂಡ ಬಿಗಿಯುತ್ತದೆ. ಮೊಟ್ಟೆಯಿಲ್ಲದ ಕೇಕಿಗೆ ಮೊಸರು, ಸಕ್ಕರೆ, ಎಣ್ಣೆ ಮೂರನ್ನೂ ಒಟ್ಟಿಗೆ ಕಲಸಿ ಹಿಟ್ಟು ಸೇರಿಸಿದರಾಯಿತು. ಎಣ್ಣೆ ಸವರಿ ಕಾಗದ ಹಾಸಿದ ಪಾತ್ರೆಗೆ ಸುರಿದು, ತಡಮಾಡದೆ ಕುಕ್ಕರಿನಲ್ಲಿಟ್ಟು ಸಣ್ಣ ಉರಿಯಲ್ಲಿ 40ರಿಂದ 50 ನಿಮಿಷ ಬೇಯಿಸಬೇಕು. ಮೊದಲ ಅರ್ಧ ತಾಸು ಮುಚ್ಚಳ ತೆಗೆಯಬಾರದು. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಕೂಡಲೇ ಇಳಿಸಬೇಕು. 'ಇನ್ನೈದು ನಿಮಿಷ ಇರಲಿ' ಎಂಬ ಆಸೆಯೇ ಕೇಕನ್ನು ಒಣಗಿಸುವುದು.

ಖೂಬಾನಿಯ ಪದರ

ಪದರದ ಕೇಕಿಗೆ ನಡುವೆ ಬೆಣ್ಣೆಯ ಕ್ರೀಮ್ ಹಚ್ಚುವುದು ವಾಡಿಕೆ. ಬಿಸಿಲಿಗೆ ಅದು ನಿಲ್ಲುವುದಿಲ್ಲ. ಇಲ್ಲಿಗೆ ಒಪ್ಪುವ ಬೇರೊಂದು ಹೂರಣ ಈ ಭಾಗದ ಹಳೆಯ ನೆನಪಿನಲ್ಲೇ ಇದೆ. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಹೈದರಾಬಾದಿನ ಮದುವೆ ಊಟದ ಹೆಸರಾಂತ ಸಿಹಿ 'ಖೂಬಾನಿ ಕಾ ಮೀಠಾ'. ಖೂಬಾನಿ, ಅಂದರೆ ಒಣ ಜರ್ದಾಲು, ಬಾದಾಮಿಯ ದಾಯಾದಿ. ಎರಡೂ ಒಂದೇ ಸಸ್ಯಕುಲಕ್ಕೆ ಸೇರಿವೆ. ಅವುಗಳ ರುಚಿ ಒಂದಕ್ಕೊಂದು ಒಪ್ಪುವುದು ಸಹಜವೇ.

ನೂರು ಗ್ರಾಂ ಖೂಬಾನಿಯನ್ನು ರಾತ್ರಿ ನೆನೆಸಿ, ಬೀಜ ತೆಗೆದು, ನೆನೆಸಿದ ನೀರಿನಲ್ಲೇ ಮೆತ್ತಗೆ ಬೇಯಿಸಿ, 40 ಗ್ರಾಂ ಸಕ್ಕರೆ, ಒಂದು ಚಮಚ ನಿಂಬೆರಸ ಸೇರಿಸಿ ಗಟ್ಟಿಯಾಗುವವರೆಗೆ ಮಗುಚಬೇಕು. ಈ ಮುದ್ದೆ ಕರಗುವುದಿಲ್ಲ, ಹರಿಯುವುದಿಲ್ಲ. ಖೂಬಾನಿಯ ಗಟ್ಟಿ ಬೀಜ ಒಡೆದರೆ ಒಳಗೆ ಬಾದಾಮಿಯಂಥದೇ ತಿರುಳು ಸಿಗುತ್ತದೆ. ಅದು ಕಹಿಯಾಗಿದ್ದರೆ ಅದೇ ಅಮಿಗ್ಡಾಲಿನ್! ಕಹಿ ತಿರುಳನ್ನು ಬಿಸಾಡಬೇಕು. ಮೂರಕ್ಕಿಂತ ಹೆಚ್ಚು ಸಣ್ಣ ಹಸಿ ತಿರುಳು ದೊಡ್ಡವರಿಗೂ ಸುರಕ್ಷಿತ ಮಿತಿ ಮೀರಬಹುದು, ಎಳೆ ಮಕ್ಕಳಿಗೆ ಒಂದೇ ಹೆಚ್ಚಾದೀತು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿದೆ.

ಪೂರ್ತಿ ಆರಿದ ಕೇಕನ್ನು ಉದ್ದನೆಯ ಚಾಕುವಿನಿಂದ ಅಡ್ಡಲಾಗಿ ಎರಡು ಪದರ ಮಾಡಬೇಕು. 50 ಗ್ರಾಂ ಸಕ್ಕರೆಯನ್ನು 75 ಮಿ.ಲೀ. ನೀರಿನಲ್ಲಿ ಕುದಿಸಿ, ಆರಿದ ಮೇಲೆ ಎರಡು ಹನಿ ಎಸೆನ್ಸ್ ಬೆರೆಸಬೇಕು. ಕೇಕ್ ಬೇಯುವಾಗ ಎಸೆನ್ಸಿನ ಒಂದಂಶ ಹಬೆಯೊಡನೆ ಹಾರಿಹೋಗಿರುತ್ತದೆ. ತಣ್ಣನೆಯ ಪಾಕದ ಪರಿಮಳ ಉಳಿಯುತ್ತದೆ. ಎರಡೂ ಪದರಗಳ ಕತ್ತರಿಸಿದ ಮುಖಕ್ಕೆ ಪಾಕವನ್ನು ಚಮಚದಿಂದ ಸಮನಾಗಿ ಚಿಮುಕಿಸಿ, ನಡುವೆ ಖೂಬಾನಿ ಹರಡಿ ಜೋಡಿಸಬೇಕು. ಉಳಿದುದನ್ನು ಮೇಲೆ ತೆಳ್ಳಗೆ ಸವರಿ, ಹುರಿದ ಬಾದಾಮಿಯ ಎಸಳು ಉದುರಿಸಿದರೆ ಅಲಂಕಾರವೂ ಆಯಿತು.

ಇಡುವ ಬಗೆ

ಕೇಕನ್ನು ತೆರೆದಿಡಬಾರದು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಬೇಕು. ಫ್ರಿಜ್ಜಿನ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗುವುದರಿಂದ, ಕ್ರೀಮಿಲ್ಲದ ಈ ಕೇಕನ್ನು ಮೊದಲ ದಿನ ಹೊರಗಿಟ್ಟರೆ ಮೇಲು. ಆದರೆ ತೇವವಿರುವಲ್ಲಿ ಬೂಷ್ಟಿಗೂ ಜಾಗವುಂಟು. ಬೇಸಿಗೆಯಲ್ಲಿ ಮರುದಿನಕ್ಕೆ ಉಳಿದರೆ ಫ್ರಿಜ್ಜಿನಲ್ಲಿಟ್ಟು, ತಿನ್ನುವ ಒಂದು ತಾಸು ಮೊದಲು ಹೊರತೆಗೆಯಬೇಕು. ಎಸೆನ್ಸಿನ ಬಾಟಲಿಯನ್ನೂ ಬಿಗಿಯಾಗಿ ಮುಚ್ಚಿಡಬೇಕು. ಗಾಳಿ ತಾಗಿದ ಬೆಂಜಾಲ್ಡಿಹೈಡ್ ಬೆಂಜೋಯಿಕ್ ಆಮ್ಲವಾಗಿ ವಾಸನೆ ಕಳೆದುಕೊಳ್ಳುತ್ತದೆ. ಇನ್ನು ಬಾದಾಮಿ ಕೆಲವರ ಮೈಗೆ ಒಗ್ಗುವುದಿಲ್ಲ. ನೆರೆಮನೆಯ ಮಕ್ಕಳಿಗೆ ಕೊಡುವ ಮುನ್ನ ಒಂದು ಮಾತು ಕೇಳುವುದು ಒಳ್ಳೆಯದು.

ಇಷ್ಟಕ್ಕೆ ದೊಡ್ಡ ಓವನ್ ಬೇಡ, ಪೇಟೆಯ ಬಣ್ಣ ಬೇಡ. ಒಂದು ಹಳೆಯ ಕುಕ್ಕರ್, ಅಳತೆಗೊಂದು ತಕ್ಕಡಿ, ಏನು ಏಕೆ ಎಂಬ ತಿಳಿವಳಿಕೆ ಇದ್ದರೆ ಸಾಕು. ಮೊದಲ ಸಲ ಕೇಕ್ ಸ್ವಲ್ಪ ವಾಲಿದರೂ ಹುಟ್ಟುಹಬ್ಬದ ಮಗು ಅದನ್ನು ನೋಡುವುದಿಲ್ಲ. ಎರಡನೆಯ ತುಂಡು ಕೇಳುತ್ತದೆ.