ಕಲಿಕೆಯ ಕ್ರಮ ಮತ್ತು ಕುಣಿತದ ಗುಣ: ಬಜಪೆ ಪರಿಸರದ ತೆಂಕುತಿಟ್ಟು ಯಕ್ಷಗಾನವನ್ನು ಕುರಿತು

ಯಕ್ಷಗಾನದ ತಿಟ್ಟುಗಳ ಭೇದವನ್ನು ವಿವರಿಸುವಾಗ ವೇಷಭೂಷಣ ಹಾಗೂ ಹಿಮ್ಮೇಳಗಳತ್ತ ಮೊದಲು ಗಮನ ಹರಿಯುವುದು ಸಹಜ. ತೆಂಕಿನ ಕಿರೀಟ, ಬಡಗಿನ ಮುಂಡಾಸು. ತೆಂಕಿನ ಭಾಗವತರ ಜಾಗಟೆ, ಬಡಗಿನವರ ತಾಳ. ತೆಂಕಿನ ದಿಗಿಣ, ಬಡಗಿನ ಮಂಡಿ ಕುಣಿತ. ಇವು ಕಣ್ಣಿಗೂ ಕಿವಿಗೂ ಕೂಡಲೇ ನಿಲುಕುವ ವ್ಯತ್ಯಾಸಗಳು. ಆದರೆ ಒಂದೇ ತಿಟ್ಟಿನೊಳಗೆ, ಒಂದೇ ತಾಳಕ್ಕೆ ಒಂದೇ ಹೆಜ್ಜೆಯನ್ನು ಹಾಕುವ ಇಬ್ಬರ ಕುಣಿತ ಬೇರೆಬೇರೆಯಾಗಿ ತೋರುವುದೇಕೆ? ಇದಕ್ಕೆ ಉತ್ತರವನ್ನು ಅವರವರ ದೇಹಪ್ರಕೃತಿಯಲ್ಲಿ ಮಾತ್ರವಲ್ಲದೆ ಅವರು ಕಲಿತ ಕ್ರಮದಲ್ಲಿಯೂ ಹುಡುಕಬೇಕಾಗುತ್ತದೆ.

ಯುರೋಪಿನ ಬ್ಯಾಲೆಯಲ್ಲಿ ಈ ಬಗೆಯ ವಿವೇಚನೆ ಹಳೆಯದು. ಎನ್ರಿಕೊ ಚೆಕೆಟ್ಟಿಯ ಪದ್ಧತಿ ವಾರದ ಒಂದೊಂದು ದಿನಕ್ಕೆ ಒಂದೊಂದು ಅಭ್ಯಾಸಮಾಲೆಯನ್ನು ಗೊತ್ತುಪಡಿಸಿತು. ಆಗ್ರಿಪ್ಪಿನಾ ವಗನೋವಾ 1934ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿತವಾದ ರಷ್ಯನ್ ಪದ್ಧತಿ ಬೆನ್ನು, ತೋಳು, ತಲೆಗಳ ಹೊಂದಾಣಿಕೆಗೆ ಒತ್ತು ನೀಡಿತು. ಡೆನ್ಮಾರ್ಕಿನ ಬೂರ್ನೊನ್ವಿಲ್ ಪರಂಪರೆಯಲ್ಲಿ ಪಾದಗಳು ಚುರುಕು, ತೋಳುಗಳು ಶಾಂತ. ಹೆಜ್ಜೆಗಳ ಹೆಸರು ಬಹುಮಟ್ಟಿಗೆ ಒಂದೇ. ಚಲನೆಯ ಗುಣ ಬೇರೆ. ಈ ದೃಷ್ಟಿಯನ್ನು ಯಕ್ಷಗಾನಕ್ಕೆ ಅನ್ವಯಿಸಿ ನೋಡಲು ಬಜಪೆಯಂತಹ ಊರು ಅನುಕೂಲಕರವಾದುದು. ಮಂಗಳೂರಿನಿಂದ ಕಟೀಲಿಗೆ ಸಾಗುವ ಹಾದಿಯಲ್ಲಿರುವ ಈ ಪ್ರದೇಶ ಶ್ರೀ ದುರ್ಗಾಪರಮೇಶ್ವರಿ ಮೇಳಗಳ ಹರಕೆಯಾಟಗಳ ಸೀಮೆ. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಟ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಮನೆಯಂಗಳ, ಗದ್ದೆ, ಮೈದಾನಗಳಲ್ಲಿ ಆಟ ನಡೆಯುತ್ತದೆ. ಇದೇ ಸೀಮೆಯ ಮಕ್ಕಳು ಇಂದು ತರಗತಿಗಳಲ್ಲಿಯೂ ಹೆಜ್ಜೆ ಕಲಿಯುತ್ತಾರೆ.

ಮೇಳದ ಕಲಿಕೆಗೆ ಪಠ್ಯವಿರಲಿಲ್ಲ, ಮೆಟ್ಟಿಲುಗಳಿದ್ದವು. ಚೌಕಿಗೆ ಬಂದ ಹುಡುಗ ಮೊದಲು ಕೋಡಂಗಿಯಾಗಿ ರಂಗಕ್ಕೆ ಬರುತ್ತಿದ್ದ. ಅನಂತರ ಬಾಲಗೋಪಾಲ, ನಿತ್ಯವೇಷ; ಮುಂದೆ ಅಭಿಮನ್ಯು, ಬಭ್ರುವಾಹನ, ಚಂಡಮುಂಡರಂಥ ಪುಂಡುವೇಷ. ಕಿರೀಟವೇಷ, ಬಣ್ಣದ ವೇಷಗಳು ಪಳಗಿದವರ ಪಾಲಿಗೆ. ಪೂರ್ವರಂಗದ ಹೊತ್ತಿನಲ್ಲಿ ಪ್ರೇಕ್ಷಕರು ವಿರಳ. ತಪ್ಪಿದರೂ ಆಟ ಕೆಡುವುದಿಲ್ಲ. ಆದರೆ ಹಿಮ್ಮೇಳ ಪೂರ್ಣವಾಗಿರುತ್ತದೆ. ಚೆಂಡೆ, ಮದ್ದಳೆ, ಚಕ್ರತಾಳಗಳ ನಡುವೆಯೇ ಹುಡುಗನ ಕಿವಿ ಪಳಗುತ್ತದೆ. ಮುಕ್ತಾಯ ಎಲ್ಲಿ ಬರುತ್ತದೆಂಬುದನ್ನು ಅವನು ಎಣಿಸಿ ತಿಳಿಯುವುದಿಲ್ಲ, ಚೆಂಡೆಯ ಪೆಟ್ಟಿನಿಂದ ಗ್ರಹಿಸುತ್ತಾನೆ. ಇಂಥ ಕಲಾವಿದನ ಕುಣಿತದಲ್ಲಿ ಪಾದದ ಭಾರ ನೆಲಕ್ಕಿಳಿಯುತ್ತದೆ. ಪ್ರವೇಶದಲ್ಲಿ ಸಂಯಮವಿದ್ದು, ಇರುಳಿಡೀ ಬಾಳಬೇಕಾದ ಉಸಿರಿನ ಲೆಕ್ಕಾಚಾರ ಕಾಣುತ್ತದೆ. ಕೈಗಳ ನಿಲುವು ಮಾತ್ರ ಎಷ್ಟೋ ವೇಳೆ ಅಸ್ಪಷ್ಟ. ಈ ಕೊರತೆಯನ್ನು ಪರಂಪರೆಯ ಹೆಸರಿನಲ್ಲಿ ಮರೆಮಾಚಬೇಕಾಗಿಲ್ಲ.

ಕೇಂದ್ರಗಳ ಶಿಕ್ಷಣ ಬೇರೊಂದು ಅಗತ್ಯದಿಂದ ಹುಟ್ಟಿತು. 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಆರಂಭವಾದ ಯಕ್ಷಗಾನ ಕೇಂದ್ರ ಬಡಗಿನ ಹೆಜ್ಜೆಗಳನ್ನು ಕ್ರಮಬದ್ಧವಾಗಿ ಕಲಿಸತೊಡಗಿತು. ಅದೇ ದಶಕದಲ್ಲಿ ಧರ್ಮಸ್ಥಳದ ಕೇಂದ್ರ ಕುರಿಯ ವಿಠಲ ಶಾಸ್ತ್ರಿ, ಪಡ್ರೆ ಚಂದು ಅವರಂಥ ಗುರುಗಳ ಮೂಲಕ ತೆಂಕಿಗೆ ಆ ಕೆಲಸವನ್ನು ಮಾಡಿತು. ಬ್ಯಾಲೆಯೊಡನೆ ನೇರ ನಂಟೂ ಇಲ್ಲದಿಲ್ಲ. ಶಿವರಾಮ ಕಾರಂತರು ತಮ್ಮ ಪ್ರಯೋಗಗಳನ್ನು ಯಕ್ಷಗಾನ ಬ್ಯಾಲೆಯೆಂದೇ ಕರೆದರು. ಗುಣವಂತೆಯಲ್ಲಿ 1986ರಲ್ಲಿ ಶಿಕ್ಷಣಕೇಂದ್ರವನ್ನು ಸ್ಥಾಪಿಸಿದ ಕೆರೆಮನೆ ಶಂಭು ಹೆಗಡೆಯವರು, ಮಾಸ್ಕೋದಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಸಿಸಿದ್ದ ಮಾಯಾ ರಾವ್ ಅವರ ಬಳಿ ದೆಹಲಿಯಲ್ಲಿ ಕಲಿತವರು.

ತರಗತಿಯಲ್ಲಿ ಗುರು ಬಾಯಿತಾಳ ಹೇಳುತ್ತಾರೆ. ಮಕ್ಕಳು ಸಾಲಾಗಿ ಗುರುವಿಗೆ ಎದುರಾಗಿ ನಿಲ್ಲುತ್ತಾರೆ. ಫಲವಾಗಿ ಹೆಜ್ಜೆ ಖಚಿತ, ಕೈಯ ಗೆರೆ ಸ್ಪಷ್ಟ, ಸಮೂಹದ ಕುಣಿತ ಏಕರೂಪ. ಆದರೆ ದೇಹ ಒಂದೇ ದಿಕ್ಕಿಗೆ ಒಗ್ಗಿಹೋಗುತ್ತದೆ. ಮೂರು ಕಡೆ ತೆರೆದ ರಂಗಸ್ಥಳದಲ್ಲಿ ಸುತ್ತಿ ಬಳಸಿ ಕುಣಿಯಬೇಕಾದಾಗ ಇದು ತೊಡಕಾಗುತ್ತದೆ. ದಿಗಿಣದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಬರಿಮೈಯಲ್ಲಿ ಅಭ್ಯಾಸ ಮಾಡಿದವನ ನೆಗೆತ ಎತ್ತರ, ತಿರುಗು ವೇಗ. ಕಿರೀಟ, ಭುಜಕೀರ್ತಿಗಳನ್ನು ತೊಟ್ಟೊಡನೆ ಭಾರದ ಕೇಂದ್ರ ಮೇಲಕ್ಕೇರಿ ಇಳಿಯುವ ಕ್ಷಣ ಅದುರುತ್ತದೆ. ವೇಷದೊಡನೆಯೇ ಬೆಳೆದವನು ಕಡಿಮೆ ಎತ್ತರಕ್ಕೆ ನೆಗೆದು ಬಿಡ್ತಿಗೆಯ ಮೇಲೆ ನಿಖರವಾಗಿ ನಿಲ್ಲುತ್ತಾನೆ. ದಿಗಿಣಗಳನ್ನು ಎಣಿಸಿ ಚಪ್ಪಾಳೆ ತಟ್ಟುವ ಇಂದಿನ ಅಭಿರುಚಿ ಮೊದಲನೆಯದಕ್ಕೇ ಒಲಿದಿದೆ. ಹಾಗೆ ಎಣಿಸುವವರು ನಿಲುಗಡೆಯನ್ನು ನೋಡುವುದೇ ಇಲ್ಲ.

ಕಾಲಮಿತಿಯ ಆಟಗಳು ಹೆಚ್ಚಿದಂತೆ ಮೊದಲ ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಇದನ್ನು ಕೇವಲ ಮನರಂಜನೆಯ ಸಂಕ್ಷೇಪವೆಂದು ಭಾವಿಸುವುದು ಸರಿಯಲ್ಲ. ಕುಗ್ಗಿದ್ದು ಮೇಳದ ಪಾಠಶಾಲೆಯ ಅವಧಿ. ತರಗತಿಯಿಂದ ನೇರವಾಗಿ ಪುಂಡುವೇಷಕ್ಕೆ ಬಂದ ಯುವಕನಿಗೆ ಹೆಜ್ಜೆ ಗೊತ್ತು, ಹೊತ್ತು ಗೊತ್ತಿಲ್ಲ: ಮುಂಜಾವದ ರಕ್ಕಸನ ಪ್ರವೇಶಕ್ಕೆ ಎಡೆಯಿರಲೆಂದು ನಡುರಾತ್ರಿಯ ವೇಷ ತನ್ನ ವೇಗವನ್ನು ತಡೆಹಿಡಿಯಬೇಕೆಂಬುದು ತರಗತಿಯಲ್ಲಿ ಕಲಿಸಲಾಗುವಂಥದ್ದಲ್ಲ. ಬಜಪೆ ಸುತ್ತಿನ ಆಟಗಳನ್ನು ದಾಖಲಿಸುವವರು ಕ್ಯಾಮೆರಾವನ್ನು ಪ್ರಸಂಗಾರಂಭದವರೆಗೆ ಕಾಯಿಸದೆ, ಕೋಡಂಗಿ ರಂಗಕ್ಕೆ ಬರುವ ಹೊತ್ತಿಗೇ ತೆರೆಯಬೇಕಾಗಿದೆ.